ಸತ್ತ ಮೇಲೆ ಕೈಯಲ್ಲಿ ಏನು ಉಳಿಯುತ್ತೆ? ಹೇಡೀಸ್, ಕ್ರಾಸ್‌ಕೋಡ್, ಸಾಲ್ಟ್ ಆಂಡ್ ಸ್ಯಾಂಕ್ಚುಯರಿ

ಮೂರೂ ಗೇಮ್‌ಗಳನ್ನು ಒಂದರ ಹಿಂದೆ ಒಂದು ಆಡಿದೆ. ಅದೇ ಲ್ಯಾಪ್‌ಟಾಪ್, ಅದೇ ಹಳೇ ಕಂಟ್ರೋಲರ್. ಮೂರರಲ್ಲೂ ಸಿಕ್ಕಾಪಟ್ಟೆ ಸತ್ತೆ. ಗ್ರಾಫಿಕ್ಸ್‌ಗೆ ಇಷ್ಟು ಅಂಕ, ಸಂಗೀತಕ್ಕೆ ಇಷ್ಟು ಅಂಕ ಅಂತ ಪಟ್ಟಿ ಹಾಕೋದು ನನ್ನ ಕೈಲಿ ಆಗುವುದಿಲ್ಲ. ಆಕ್ಷನ್ ಆರ್‌ಪಿಜಿ, ಅಂದರೆ ಹೊಡೆದಾಡುತ್ತಾ ಒಂದು ಪಾತ್ರವನ್ನು ಬೆಳೆಸುವ ಗೇಮ್ ಅಂದಮೇಲೆ ಸಾಯೋದು ಇದ್ದದ್ದೇ, ಅಲ್ವಾ? ಹಾಗಾಗಿ ನಾನು ನೋಡೋದು ಎರಡೇ ವಿಷಯ. ಸತ್ತು ಎದ್ದಾಗ ಗೇಮ್ ನನ್ನ ಕೈಗೆ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ. ಆಮೇಲೆ, ಸತ್ತಿದ್ದು ನನ್ನ ತಪ್ಪಿನಿಂದಲೋ ಗೇಮಿನ ತಪ್ಪಿನಿಂದಲೋ.

ಮೊದಲೇ ಹೇಳಿಬಿಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಕ್ರಾಸ್‌ಕೋಡ್. ಮೂರರಲ್ಲಿ ಅತಿ ಜಾಸ್ತಿ ಬೈದದ್ದೂ ಅದಕ್ಕೇ.

ಹೇಡೀಸ್‌ನಿಂದ ಶುರು ಮಾಡೋಣ, ಇದನ್ನು ಹೊಗಳೋದು ಸುಲಭ. ಸೂಪರ್‌ಜೈಂಟ್ ಗೇಮ್ಸ್‌ನವರು 2018ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ (ಮುಗಿಯುವ ಮೊದಲೇ ಆಡಲು ಕೊಡೋದು) ಬಿಟ್ಟು, ಹತ್ತಿರ ಹತ್ತಿರ ಎರಡು ವರ್ಷ ತಿದ್ದಿ ತೀಡಿ, 2020ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಹೊರಗೆ ತಂದರು. ಆ ತಿದ್ದಾಟ ಬೆರಳಿಗೇ ಗೊತ್ತಾಗುತ್ತದೆ. ಬಟನ್ ಒತ್ತಿದ ಗಳಿಗೆಗೆ ಡ್ಯಾಶ್, ಅಂದರೆ ಛಂಗನೆ ಸರಿಯೋದು, ಆಗುತ್ತದೆ. ಏಟು ಬಿದ್ದದ್ದು ಎಲ್ಲಿಂದ ಅಂತ ಕಾಣುತ್ತದೆ. ನೀವು ಜಾಗ್ರಿಯಸ್, ಪಾತಾಳದ ದೊರೆ ಹೇಡೀಸನ ಮಗ. ಅಪ್ಪನ ಮನೆ ಬಿಟ್ಟು ಓಡಿಹೋಗಬೇಕು. ಟಾರ್ಟರಸ್, ಆಸ್ಫಡೆಲ್, ಎಲಿಸಿಯಂ, ಸ್ಟಿಕ್ಸ್, ಹೀಗೆ ಒಂದೊಂದೇ ದಾಟಿ ಮೇಲಕ್ಕೆ. ದಾರಿಯಲ್ಲಿ ಒಲಿಂಪಸ್‌ನ ದೇವರುಗಳು ವರ ಕೊಡುತ್ತಾ ಹೋಗುತ್ತಾರೆ. ಸತ್ತರೆ ರಕ್ತದ ಕೊಳದಿಂದ ಎದ್ದು ಬಂದು ನಿಲ್ಲೋದು ಮತ್ತೆ ಅಪ್ಪನ ಮನೆಯಲ್ಲೇ.

ವರಗಳೆಲ್ಲ ಹೋಗುತ್ತವೆ. ಆದರೆ ಗಳಿಸಿದ ಕತ್ತಲೆ ಉಳಿಯುತ್ತದೆ. ಕತ್ತಲೆ ಅಂದರೆ ಇಲ್ಲಿ ಒಂದು ಥರದ ದುಡ್ಡು, ಅದನ್ನು ಕೋಣೆಯ ಕನ್ನಡಿಗೆ ಸುರಿದು ಶಕ್ತಿ ಹೆಚ್ಚಿಸಿಕೊಳ್ಳಬಹುದು. ಅದಕ್ಕಿಂತ ದೊಡ್ಡದು ಮಾತು. ಆ ಮನೆಯಲ್ಲಿರುವ ನಿದ್ದೆಯ ದೇವರು ಹಿಪ್ನೋಸ್ ತೂಕಡಿಸುತ್ತಾ ತನ್ನ ಪಟ್ಟಿ ನೋಡಿ, ನೀವು ಯಾರ ಕೈಲಿ ಸತ್ತಿರೋ ಅದರ ಬಗ್ಗೆ ಏನೂ ಉಪಯೋಗವಿಲ್ಲದ ಒಂದು ಸಲಹೆ ಕೊಡುತ್ತಾನೆ. ಮೊದಲ ಸಲ ಸಿಟ್ಟು ಬಂತು. ಐದನೇ ಸಲ ಬೇಕಂತಲೇ ನಿಂತು ಕೇಳಿದೆ. ಸತ್ತರೆ ಮಾತ್ರ ಕಥೆ ಮುಂದೆ ಹೋಗುವ ಹಾಗೆ ಕಟ್ಟಿದ್ದಾರೆ, ಹಾಗಾಗಿ ಸೋತ ಬೇಜಾರಿಗೆ ಪುರುಸೊತ್ತೇ ಸಿಗುವುದಿಲ್ಲ. ಸಂಗೀತ ಮಾಡಿದ ಡ್ಯಾರೆನ್ ಕಾರ್ಬ್ ಅವರೇ ಜಾಗ್ರಿಯಸ್‌ಗೂ ದನಿ ಕೊಟ್ಟಿದ್ದಾರೆ. ಎಲ್ಲ ಒಂದೇ ಅಡುಗೆಮನೆಯಿಂದ ಬಂದ ಹಾಗಿದೆ.

ಎಲಿಸಿಯಂ ಕೊನೆಯಲ್ಲಿ ಗ್ರೀಕ್ ಪುರಾಣದ ವೀರ ಥೀಸಿಯಸ್ ಮತ್ತು ಗೂಳಿ ತಲೆಯ ಮಿನೋಟಾರ್ ಜೋಡಿ ಸಿಗುತ್ತದೆ. ಅಲ್ಲಿ ನಾನು ಎಷ್ಟು ದಿನ ಒದ್ದಾಡಿದೆ ಅಂತ ಹೇಳಲು ನಾಚಿಕೆ. ಮಿನೋಟಾರ್ ನುಗ್ಗಿ ಬರುತ್ತದೆ, ಪಕ್ಕಕ್ಕೆ ಸರಿದರೆ ಆಯಿತು. ಥೀಸಿಯಸ್ ಹಾಗಲ್ಲ, ಗುರಾಣಿ ಹಿಡಿದು ನಿಲ್ಲುತ್ತಾನೆ, ಮುಂದಿನಿಂದ ಎಷ್ಟು ಹೊಡೆದರೂ ಟಣ್ ಟಣ್ ಅನ್ನುತ್ತದೆ ಅಷ್ಟೇ. ಬೆನ್ನಿಗೆ ಹೋಗಬೇಕು. ಬೆನ್ನಿಗೆ ಹೋಗುವಷ್ಟರಲ್ಲಿ ಮಿನೋಟಾರ್ ನನ್ನ ಬೆನ್ನಿಗಿರುತ್ತದೆ. ಥೀಸಿಯಸ್‌ನ ಪ್ರಾಣ ಅರ್ಧಕ್ಕೆ ಇಳಿದರೆ ಅವನೂ ಒಬ್ಬ ದೇವರನ್ನು ಕರೆಯುತ್ತಾನೆ, ನೆಲದ ತುಂಬಾ ವೃತ್ತಗಳು ಬೀಳುತ್ತವೆ. ಅಷ್ಟಾದರೂ ಒಂದು ಸಲವೂ ಮೋಸ ಅನ್ನಿಸಲಿಲ್ಲ. ನನ್ನದೇ ತಪ್ಪು, ಪ್ರತಿ ಸಲ.

ಹಾಗಾದರೆ ತಕರಾರು ಏನು? ಬೇಗ ಹಳತಾಗುತ್ತದೆ. ಅದೇ ನಾಲ್ಕು ಜಾಗ, ಹೆಚ್ಚು ಕಡಿಮೆ ಅದೇ ಬಾಸ್‌ಗಳು, ಅಂದರೆ ಕೊನೆಯಲ್ಲಿ ಕಾಯುವ ದೊಡ್ಡ ಶತ್ರುಗಳು. ಒಂದು ಸಲ ಗೆದ್ದರೆ ಕಥೆ ಮುಗಿಯಲ್ಲ, ಮುಖ್ಯ ಕಥೆಯ ಕೊನೆ ನೋಡಲು 10 ಸಲ ತಪ್ಪಿಸಿಕೊಳ್ಳಬೇಕು. ಮನೆಯಿಂದ ಹೊರಟು ಸಾಯುವ ತನಕ ಅಥವಾ ಗೆಲ್ಲುವ ತನಕ ಒಂದು ಓಟ. ನಾನು ಮೊದಲ ಸಲ ಗೆದ್ದದ್ದು 23ನೇ ಓಟದಲ್ಲಿ. ಅಲ್ಲಿಂದ ಮುಂದಿನ ಗೆಲುವುಗಳಲ್ಲಿ ನಾಲ್ಕೈದು ಮಜಾ ಕೊಟ್ಟವು, ಉಳಿದದ್ದು ಹಾಜರಿ ಹಾಕಿದಂತೆ. ವರಗಳೂ ಅಷ್ಟೇ. ದೇವರು ಬೇರೆ, ಬಣ್ಣ ಬೇರೆ, ಓದಿ ನೋಡಿದರೆ ಹಲವು ವರಗಳು ಏಟಿಗೆ ಇಷ್ಟು ಶೇಕಡಾ ಜಾಸ್ತಿ ಅಂತಲೇ ಶುರುವಾಗುತ್ತವೆ. ಅಳಿಯ ಅಲ್ಲ, ಮಗಳ ಗಂಡ. ಆರ್‌ಪಿಜಿ ಅಂದರೆ ನನ್ನದೊಂದು ಪಾತ್ರ ನಿಧಾನಕ್ಕೆ ಬೆಳೆಯಬೇಕು ಅನ್ನೋರಿಗೆ ಇಲ್ಲಿ ಕೈ ಖಾಲಿ ಅನ್ನಿಸುತ್ತದೆ, ಯಾಕಂದ್ರೆ ಅರ್ಧ ಗಂಟೆಯಲ್ಲಿ ಕಟ್ಟಿದ್ದು ಅರ್ಧ ಗಂಟೆಯಲ್ಲೇ ಹೋಗುತ್ತದೆ.

ಸಾಲ್ಟ್ ಆಂಡ್ ಸ್ಯಾಂಕ್ಚುಯರಿ ಇದಕ್ಕೆ ತದ್ವಿರುದ್ಧ. 2016ರಲ್ಲಿ ಬಂದದ್ದು, ಸ್ಕಾ ಸ್ಟೂಡಿಯೋಸ್‌ನದು. ಪಕ್ಕದಿಂದ ನೋಡುವ ಎರಡು ಆಯಾಮದ ಗೇಮ್. ಯುದ್ಧ ನಿಲ್ಲಿಸಲು ಮದುವೆಗೆ ಹೊರಟ ರಾಜಕುಮಾರಿಯ ಹಡಗು, ಅದರ ಮೇಲೆ ದಾಳಿ, ಕಣ್ಣು ಬಿಟ್ಟರೆ ಒಂದು ಹಾಳು ದ್ವೀಪ. ಇಲ್ಲಿ ಉಪ್ಪೇ ಎಲ್ಲ. ಶತ್ರು ಸತ್ತರೆ ಉಪ್ಪು, ಲೆವೆಲ್ ಏರಿಸಲು ಉಪ್ಪು, ಆಯುಧ ಹರಿತ ಮಾಡಲೂ ಉಪ್ಪು. ಸತ್ತಿರೋ, ಕೊಂದವನು ನಿಮ್ಮ ಉಪ್ಪನ್ನೆಲ್ಲ ನುಂಗಿ ಅಲ್ಲೇ ನಿಂತಿರುತ್ತಾನೆ. ವಾಪಸ್ ಹೋಗಿ ಅವನನ್ನೇ ಕೊಂದರೆ ಸಿಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಆ ಗಾದೆಯನ್ನೇ ಯಾರೋ ಗೇಮ್ ಮಾಡಿದ ಹಾಗಿದೆ. ಆದರೆ ದಾರಿಯಲ್ಲಿ ಇನ್ನೊಂದು ಸಲ ಸತ್ತರೆ ಮೊದಲಿನದು ಹೋಯಿತು ಅಂತಲೇ.

ಈ ಭಯ ಇದೆಯಲ್ಲ, ಅದು ಹೇಡೀಸ್‌ನಲ್ಲಿ ಇಲ್ಲ, ಕ್ರಾಸ್‌ಕೋಡ್‌ನಲ್ಲೂ ಇಲ್ಲ. ಎರಡು ಲೆವೆಲ್‌ಗೆ ಆಗುವಷ್ಟು ಉಪ್ಪು ಹೊತ್ತುಕೊಂಡು ಗೊತ್ತಿಲ್ಲದ ಗುಹೆಯೊಳಗೆ ಇನ್ನೊಂದು ಹೆಜ್ಜೆ ಇಡಲಾ, ವಾಪಸ್ ಹೋಗಲಾ ಅಂತ ಏಣಿ ಹತ್ತಿರ ನಿಂತು ಯೋಚಿಸಿದ್ದು ಎಷ್ಟು ಸಲವೋ. ಕೊನೆಗೆ ಒಂದು ಆಶ್ರಯದ (ಹೆಸರಲ್ಲಿರುವ ಸ್ಯಾಂಕ್ಚುಯರಿ ಇದೇ) ಬೆಳಕು ಕಂಡರೆ ನಿಜವಾಗಿಯೂ ಉಸಿರು ಬಿಡುತ್ತೇವೆ. ಅಲ್ಲಿ ಒಂದು ಚಿಕ್ಕ ಕಲ್ಲಿನ ಗೊಂಬೆ ಇಟ್ಟರೆ ಕಮ್ಮಾರನೋ ವ್ಯಾಪಾರಿಯೋ ಬಂದು ನೆಲೆಸುತ್ತಾರೆ, ಹಾಳು ಬಿದ್ದ ಜಾಗ ಮನೆ ಥರ ಆಗುತ್ತದೆ. ಲೆವೆಲ್‌ಗೊಂದು ಕಪ್ಪು ಮುತ್ತು, ಅದನ್ನು ಹಾಕಲು ಒಂದು ದೊಡ್ಡ ಕೌಶಲ್ಯದ ಮರ. ಪಾತ್ರ ಬೆಳೆಸುವ ಮಜಾ ಮೂರರಲ್ಲಿ ಇಲ್ಲೇ ಜಾಸ್ತಿ. ನಾನು ಭಾರದ ಕೊಡಲಿ ಹಿಡಿದೆ, ಭಾರದ ಕವಚ ಹಾಕಿದೆ, ಆಮೇಲೆ ಉರುಳಿದರೆ ಹಲಸಿನಹಣ್ಣು ಉರುಳಿದ ಹಾಗೆ ಉರುಳಿದೆ. ಕವಚ ಬಿಚ್ಚಿದ ಮೇಲೆ ಎರಡನೇ ಪ್ರಯತ್ನಕ್ಕೇ ಬಾಸ್ ಬಿತ್ತು. ಇಂಥ ಪಾಠ ಯಾರೂ ಹೇಳಿಕೊಡಲಿಲ್ಲ.

ಹೇಳಿಕೊಡದೇ ಇರೋದೇ ಇದರ ದೋಷವೂ ಹೌದು. ಮ್ಯಾಪ್ ಇಲ್ಲ. ಇಲ್ಲವೇ ಇಲ್ಲ. ಬೂದು ಬಣ್ಣ, ಕತ್ತಲು, ಒಂದರ ಥರಾನೇ ಇನ್ನೊಂದು ಓಣಿ. ಒಂದು ವಾರ ಬಿಟ್ಟು ಬಂದು ಕೂತರೆ ಎಲ್ಲಿದ್ದೀನಿ, ಎಲ್ಲಿಗೆ ಹೊರಟಿದ್ದೆ ಅಂತ ತಿಳಿಯೋಕೇ ಅರ್ಧ ಗಂಟೆ ಬೇಕು. ಕಷ್ಟ ಕಡಿಮೆ ಮಾಡುವ ಆಯ್ಕೆಯೂ ಇಲ್ಲ. ಜಿಗಿತ ಇನ್ನೊಂದು ತಲೆನೋವು. ಕತ್ತಿ ಕಾಳಗಕ್ಕೆ ಅಂತ ಮಾಡಿದ ಭಾರದ ದೇಹದಲ್ಲಿ ಸಣ್ಣ ಸಣ್ಣ ಹಲಗೆಗಳ ಮೇಲೆ ಜಿಗಿಯಬೇಕು, ತಪ್ಪಿದರೆ ನೇರ ಸಾವು. ಹೀಗೆ ಬಿದ್ದು ಸತ್ತಾಗ ಗೇಮಿಗೆ ಬೈದೆ, ನನಗಲ್ಲ. ಗಾಯದ ಮೇಲೆ ಉಪ್ಪು ಅಂದರೆ ಇದೇ.

ಸರಿ, ಕ್ರಾಸ್‌ಕೋಡ್.

ಜರ್ಮನಿಯ ರ‍್ಯಾಡಿಕಲ್ ಫಿಶ್ ಗೇಮ್ಸ್ ಮಾಡಿದ್ದು, 2018ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ರೂಪದಲ್ಲಿ ಬಂತು. ವೆಬ್ ಪುಟ ಮಾಡುವ ಜಾವಾಸ್ಕ್ರಿಪ್ಟ್‌ನಲ್ಲಿ ಇಷ್ಟು ದೊಡ್ಡ ಗೇಮ್ ಕಟ್ಟಿದ್ದಾರೆ ಅನ್ನೋದೇ ನನಗೆ ಈಗಲೂ ನಂಬಲಾಗದ ವಿಷಯ. ಲಿಯಾ ಅನ್ನೋ ಹುಡುಗಿ ಕ್ರಾಸ್‌ವರ್ಲ್ಡ್ಸ್ ಅನ್ನೋ ಆನ್‌ಲೈನ್ ಗೇಮ್ ಒಳಗೆ ಆಡುತ್ತಿದ್ದಾಳೆ, ಗೇಮಿನೊಳಗೊಂದು ಗೇಮ್. ಅವಳ ಮಾತಿನ ಯಂತ್ರ ಕೆಟ್ಟಿದೆ. ಹಾಯ್ ಅನ್ನೋ ಥರದ ಬೆರಳೆಣಿಕೆಯ ಪದ ಬಿಟ್ಟರೆ ಏನೂ ಹೇಳಲಾರಳು. ಉಳಿದದ್ದೆಲ್ಲ ಮುಖದಲ್ಲಿ. ಹುಬ್ಬು ಏರಿಸುತ್ತಾಳೆ, ತಲೆ ಆಡಿಸುತ್ತಾಳೆ, ಕೆನ್ನೆ ಉಬ್ಬಿಸುತ್ತಾಳೆ. ಎಮಿಲಿ ಅನ್ನೋ ಗೆಳತಿ ಪಟಪಟ ಮಾತಾಡುವಾಗ ಲಿಯಾ ಬರೀ ಮುಖದಲ್ಲೇ ಉತ್ತರ ಕೊಡೋದು ನೋಡಿದರೆ, ಹೇಡೀಸ್‌ನ ಅಷ್ಟೊಂದು ಮಾತಿಗಿಂತ ಇದೇ ಜಾಸ್ತಿ ಹತ್ತಿರ ಅನ್ನಿಸಿತು ನನಗೆ.

ಇಲ್ಲಿ ಆಯುಧ ಅಂದರೆ ಚೆಂಡು. ಗುರಿ ಹಿಡಿದರೆ ಎರಡು ಗೆರೆ ಅಗಲವಾಗಿ ತೆರೆದುಕೊಳ್ಳುತ್ತವೆ, ಸುಮ್ನೆ ಹಿಡಿದೇ ಇದ್ದರೆ ನಿಧಾನಕ್ಕೆ ಒಂದಕ್ಕೊಂದು ಹತ್ತಿರ ಬಂದು ಕೂಡುತ್ತವೆ. ಕೂಡಿದ ಮೇಲೆ ಬಿಟ್ಟರೆ ಚೆಂಡು ಗೋಡೆಗೆ ಬಡಿದು ಪುಟಿಯುತ್ತದೆ. ಇಡೀ ಗೇಮ್ ನಿಂತಿರೋದು ಈ ಅರೆ ಕ್ಷಣದ ತಾಳ್ಮೆಯ ಮೇಲೆ. ಶತ್ರು ಮೈಮೇಲೆ ಬರುತ್ತಿದ್ದಾನೆ, ಗೆರೆ ಇನ್ನೂ ಕೂಡಿಲ್ಲ, ಈಗಲೇ ಬಿಡಲಾ, ಇನ್ನೊಂದು ಚೂರು ಕಾಯಲಾ? ಪಜಲ್‌ನಲ್ಲೂ ಅದೇ ಚೆಂಡು. ಒಂದು ಕೋಣೆಯಲ್ಲಿ ನಾನು ನಿಂತ ಜಾಗದಿಂದ ಸ್ವಿಚ್ ಕಾಣುತ್ತದೆ, ನಡುವೆ ಗೋಡೆ. ಮೂರು ಸಲ ಪುಟಿದರೆ ತಲುಪುತ್ತದೆ ಅಂತ ಕಣ್ಣಲ್ಲೇ ಗೆರೆ ಎಳೆದು, ಎರಡು ಹೆಜ್ಜೆ ಎಡಕ್ಕೆ ಸರಿದು ಬಿಟ್ಟೆ. ಟಕ್, ಟಕ್, ಟಕ್, ಬಾಗಿಲು ತೆರೆಯಿತು. ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾರೂ ನೋಡಲಿಲ್ಲ, ಸದ್ಯ.

ಸತ್ತರೆ ಇಲ್ಲಿ ಏನೂ ಹೋಗುವುದಿಲ್ಲ, ಹತ್ತಿರದಲ್ಲೇ ಮತ್ತೆ ಶುರು. ಹಾಗಂತ ಪಣ ಇಲ್ಲ ಅಂತಲ್ಲ. ಕಾಳಗ ನಿಲ್ಲಿಸಿದರೆ ಪ್ರಾಣ ತಾನಾಗಿ ತುಂಬಿಕೊಳ್ಳುತ್ತದೆ. ನಿಲ್ಲಿಸದೆ ಒಬ್ಬನಾದ ಮೇಲೆ ಒಬ್ಬನನ್ನು ಕೆಣಕುತ್ತಾ ಹೋದರೆ ನಿಮ್ಮ ದರ್ಜೆ ಏರುತ್ತದೆ, ಅಪರೂಪದ ವಸ್ತುಗಳು ಆಗಲೇ ಉದುರೋದು. ಅಂದರೆ ಸಾಲ್ಟ್‌ನಲ್ಲಿ ಗೇಮ್ ಹೇರುವ ಭಯವನ್ನು ಇಲ್ಲಿ ನಾವೇ ಆಸೆಪಟ್ಟು ತಲೆಮೇಲೆ ಹಾಕಿಕೊಳ್ಳುತ್ತೇವೆ. ಇನ್ನೊಬ್ಬನನ್ನು ಹೊಡೆದು ನಿಲ್ಲಿಸುತ್ತೇನೆ ಅಂದುಕೊಂಡು ಸತ್ತದ್ದೇ ಜಾಸ್ತಿ. ಈ ಜಾಣತನ ನನಗೆ ಬೇರೆರಡರಲ್ಲಿ ಕಾಣಲಿಲ್ಲ.

ಈಗ ಬೈಗುಳದ ಸರದಿ. ಎತ್ತರ ಗೊತ್ತಾಗುವುದಿಲ್ಲ. ಮೇಲಿನಿಂದ ನೋಡುವ ಪಿಕ್ಸೆಲ್ ಚಿತ್ರ, ಅದರಲ್ಲಿ ಬಂಡೆ ಒಂದಾಳು ಎತ್ತರವೋ ಎರಡಾಳೋ ತಿಳಿಯೋದು ಕಷ್ಟ. ಅಂಚಿಗೆ ಓಡಿದರೆ ತಾನೇ ಜಿಗಿಯುತ್ತಾಳೆ, ತಲುಪಬಹುದಾ ಅನ್ನೋದು ಬಿದ್ದ ಮೇಲೇ ಗೊತ್ತಾಗೋದು. ದೂರದಲ್ಲಿ ಕಾಣುವ ಒಂದು ಪೆಟ್ಟಿಗೆಗೆ ದಾರಿ ಹುಡುಕುತ್ತಾ ಮೂರು ಪರದೆ ಹಿಂದೆ ಹೋಗಿ ಅಲ್ಲೆಲ್ಲೋ ಒಂದು ಮೆಟ್ಟಿಲು ಹತ್ತಿ ಬರಬೇಕು. ಅಂಗಡಿಯ ವಿನಿಮಯ ಇನ್ನೂ ಕೆಟ್ಟದು. ಒಳ್ಳೆ ಶಿರಸ್ತ್ರಾಣ ಬೇಕೆಂದರೆ ಇಲ್ಲಿಯ ಎಲೆ, ಅಲ್ಲಿಯ ಕೊಂಬು ಅಂತ ಊರೂರು ಸುತ್ತಬೇಕು. ಕೌಶಲ್ಯದ ಜಾಲ ದೊಡ್ಡದಾಗಿ ಕಾಣುತ್ತದೆ, ಅದರಲ್ಲಿ ಬಹುಪಾಲು ಅಲ್ಲೊಂದು ಚೂರು ಇಲ್ಲೊಂದು ಚೂರು ಹೆಚ್ಚಳ.

ಡಂಜನ್‌ಗಳ, ಅಂದರೆ ಪಜಲ್ ಮತ್ತು ಶತ್ರುಗಳು ತುಂಬಿದ ಕೋಣೆಗಳ ಸಾಲಿನ, ಉದ್ದವಂತೂ ವಿಪರೀತ. ಟೆಂಪಲ್ ಮೈನ್‌ನಲ್ಲಿ ಬೆಂಕಿಯ ಶಕ್ತಿ ಸಿಕ್ಕಾಗ ಖುಷಿ, ಫಾಜ್ರೋ ಗುಡಿಯಲ್ಲಿ ಹಿಮದ ಶಕ್ತಿ ಸಿಕ್ಕಾಗಲೂ ಖುಷಿಯೇ, ಆದರೆ ಅಷ್ಟರಲ್ಲಿ ಕೋಣೆಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಆಮೇಲೆ ಬರುವ ಗುಡಿಗಳು ಒಂದರ ಬೆನ್ನಿಗೆ ಒಂದು. ಅಲ್ಲಿ ನಾನು ಎರಡು ವಾರ ಗೇಮ್ ಮುಟ್ಟಲಿಲ್ಲ. ಪಜಲ್‌ಗೆ ಉತ್ತರ ತಲೆಯಲ್ಲಿ ಹೊಳೆದಿದೆ, ಬೆರಳಿಗೆ ಆ ವೇಗ ಇಲ್ಲ, ಒಂದೇ ಕೋಣೆಯಲ್ಲಿ ಹದಿನೈದು ಸಲ ಅದೇ ಚೆಂಡು. ನನ್ನ ಕಂಟ್ರೋಲರ್‌ನಲ್ಲಿ ಗುರಿ ಹಿಡಿಯುವ ಬಲಗಡೆಯ ಕಡ್ಡಿ ಸವೆದಿದ್ದೂ ಸೇರಿಕೊಂಡಿತು. ಮೌಸ್‌ಗೆ ಬದಲಾದ ಮೇಲೆ ಗುರಿ ಎಷ್ಟೋ ಸಲೀಸಾಯಿತು. ಇದನ್ನು ಆಡೋರು ಮೊದಲ ದಿನದಿಂದಲೇ ಮೌಸ್ ಹಿಡಿಯಿರಿ. ಹೇಡೀಸ್, ಸಾಲ್ಟ್ ಎರಡಕ್ಕೂ ಕಂಟ್ರೋಲರೇ ಸರಿ.

ಕಷ್ಟ ಅನ್ನಿಸಿದರೆ ಏನು ಮಾಡೋದು ಅಂತ ಕೇಳುವವರಿಗೆ: ಹೇಡೀಸ್‌ನಲ್ಲಿ ಗಾಡ್ ಮೋಡ್ ಇದೆ. ಶುರುವಿನಲ್ಲಿ ಏಟು ಶೇಕಡಾ 20 ಕಡಿಮೆ, ಪ್ರತಿ ಸಾವಿಗೆ ಇನ್ನೂ 2, ಹೀಗೆ 80ರವರೆಗೆ ಏರುತ್ತದೆ. ಸಾಯೋದನ್ನೇ ಸಹಾಯ ಮಾಡಿಕೊಂಡಿದ್ದಾರೆ, ಇದಕ್ಕಿಂತ ಸೊಗಸಾದ ಉಪಾಯ ನಾನು ನೋಡಿಲ್ಲ. ಕ್ರಾಸ್‌ಕೋಡ್‌ನಲ್ಲಿ ಬೀಳುವ ಏಟು, ಶತ್ರುಗಳು ದಾಳಿ ಮಾಡುವ ಬಿರುಸು, ಪಜಲ್‌ನ ವೇಗ ಮೂರನ್ನೂ ಬೇರೆ ಬೇರೆಯಾಗಿ ತಗ್ಗಿಸಬಹುದು. ನಾನು ಪಜಲ್ ವೇಗ ಮಾತ್ರ ಇಳಿಸಿದೆ. ಎರಡು ವಾರ ಮೊದಲೇ ಇಳಿಸಬೇಕಿತ್ತು. ಸಾಲ್ಟ್‌ನಲ್ಲಿ ಪಕ್ಕದಲ್ಲಿ ಒಬ್ಬ ಗೆಳೆಯ ಕೂತರೆ ಒಂದೇ ಪರದೆಯಲ್ಲಿ ಇಬ್ಬರೂ ಆಡಬಹುದು, ಅದೇ ಸಹಾಯ. ನಾವು ಆಡಿದಾಗ ಎತ್ತು ಏರಿಗೆ, ಕೋಣ ನೀರಿಗೆ. ಅವನು ಬಲಕ್ಕೆ ಓಡಿದ, ನಾನು ಏಣಿ ಹತ್ತಿದೆ.

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗೋರು ಹೇಡೀಸ್ ತಗೊಳ್ಳಿ, ಯೋಚನೆ ಬೇಡ. ವಾರಾಂತ್ಯ ಪೂರ್ತಿ ಖಾಲಿ ಇದ್ದು, ತಲೆ ಕೆಡಿಸಿಕೊಳ್ಳೋಕೆ ಇಷ್ಟ ಇದ್ದರೆ ಕ್ರಾಸ್‌ಕೋಡ್. ನನಗೆ 50 ಗಂಟೆ ದಾಟಿತು, ಕೊನೆಯ ಬಾಸ್ ಆದಮೇಲೂ ಆ ಊರುಗಳಲ್ಲಿ ಸುಮ್ನೆ ಓಡಾಡಿದೆ. ಸಾಲ್ಟ್ ನಾನು ಮುಗಿಸಿಲ್ಲ. ಅಲ್ಲಿ ಎತ್ತರದಿಂದ ಬಿದ್ದು ಸತ್ತರೆ ಉಪ್ಪು ಹೊತ್ತುಕೊಂಡು ಒಂದು ಬಾವಲಿ ಹಾರಾಡುತ್ತಿರುತ್ತದೆ, ಅದನ್ನು ಹೊಡೆದರೆ ವಾಪಸ್ ಸಿಗುತ್ತದೆ. ನನ್ನ ಸೇವ್‌ನಲ್ಲಿ ಆ ಬಾವಲಿ ಇನ್ನೂ ಒಂದು ಹಾಳು ಗೋಪುರದ ತುದಿಯಲ್ಲಿ ನನ್ನ ನಾಲ್ಕು ಲೆವೆಲ್‌ನ ಉಪ್ಪು ಇಟ್ಟುಕೊಂಡು ಕಾಯುತ್ತಿದೆ. ಆ ಹಲಗೆಗಳನ್ನು ಮತ್ತೆ ಹತ್ತಬೇಕಲ್ಲ ಅಂತ ನೆನಪಾದಾಗಲೆಲ್ಲ ಹೇಡೀಸ್ ತೆರೆದು ಒಂದು ಓಟ ಓಡಿ ಮಲಗುತ್ತೇನೆ.