380 ರೂಪಾಯಿ ಸ್ಟೇ ಮಾಡಿ ಚಾರ್ಮಾಡಿಲಿ ಬಿದ್ದೆ, ನೀವು ಈ ಕೆಲಸ ಮಾಡ್ಬೇಡಿ

ಬೈಕಿಗೆ ಸೈಡ್ ಬ್ಯಾಗ್ ಹಾಕ್ಬೇಕು, ಅದನ್ನ ಚಕ್ರಕ್ಕೆ ತಾಗದ ಹಾಗೆ ಹಿಡಿಯೋ ಕಂಬಿ, ಅಂದ್ರೆ ಸ್ಟೇ, ನಾನೇ ಮಾಡ್ಕೋತೀನಿ ಅಂತ ಹಾರ್ಡ್‌ವೇರ್ ಅಂಗಡಿ ಕಡೆ ಹೊರಟಿರೋರು ಯಾರಾದ್ರೂ ಇದ್ರೆ ಇದನ್ನ ಓದ್ಕೊಂಡು ಹೋಗಿ.

ನಂದು 150 ಸಿಸಿ ಬೈಕು. ರೆಡಿಮೇಡ್ ಸ್ಟೇಗೆ ಎರಡು ಸಾವಿರದ ಮೇಲೆ ಹೇಳಿದ್ರು, ಏನಿದೆ ಅದ್ರಲ್ಲಿ ಬಗ್ಗಿಸಿದ ಕಂಬಿ ತಾನೆ ಅನ್ನಿಸ್ತು. ಹಾಸನದಲ್ಲೇ ಒಂದ್ ಅಂಗಡೀಲಿ ಒಂದಿಂಚು ಅಗಲ, 3 ಎಂಎಂ ದಪ್ಪದ ಅಲ್ಯೂಮಿನಿಯಂ ಪಟ್ಟಿ, 8 ಎಂಎಂ ಬೋಲ್ಟು ನಟ್ಟು ವಾಷರು, ಬಿಗಿದು ಕಟ್ಟೋ ಪ್ಲಾಸ್ಟಿಕ್ ಟ್ಯಾಗು ಒಂದ್ ಪ್ಯಾಕೆಟ್ ತಗೊಂಡೆ, ಎಲ್ಲಾ ಸೇರಿ 380 ರೂಪಾಯಿ. "ಕಿಟಕಿಗಾ ಸಾರ್?" ಅಂತ ಕೇಳಿದ್ರು. ಬೈಕಿಗೆ ಅಂದೆ. ಒಂದ್ಸಲ ಮುಖ ನೋಡಿ ಬಿಲ್ ಹಾಕಿದ್ರು.

ವೈಸ್‌ಗೆ ಕಚ್ಚಿಸಿ ಸುತ್ತಿಗೇಲಿ ಹೊಡೆದು ನೇರ ಎಲ್ ಆಕಾರಕ್ಕೆ ಬಗ್ಗಿಸ್ದೆ. ಬಗ್ಗಿದ ಜಾಗದಲ್ಲಿ ಹೊರಗಡೆ ಕೂದಲೆಳೆಯಷ್ಟು ಗೆರೆ ಕಾಣಿಸ್ತು, ಗೀರು ಬಿದ್ದಿದೆ ಅಂತ ಅದ್ರ ಮೇಲೆ ಕಪ್ಪು ಸ್ಪ್ರೇ ಪೇಂಟ್ ಹೊಡೆದೆ (ಭಾಳ ಚೆನ್ನಾಗ್ ಕಾಣ್ತಿತ್ತು, ಅದೇ ತಪ್ಪಾಗಿದ್ದು). ಎಡಗಡೆ ಸಾರಿ ಗಾರ್ಡ್ ಅಡ್ಡ ಬರ್ತಿತ್ತು, ಅದನ್ನ ಬಿಚ್ಚಿ ಅಟ್ಟಕ್ಕೆಸೆದು ಅದೇ ಎರಡು ತೂತಿಗೆ ಪಟ್ಟಿ ಕೂರಿಸ್ದೆ. ಟೆಸ್ಟಿಂಗೂ ಮಾಡ್ದೆ, ಎರಡೂ ಕೈಲಿ ಹಿಡ್ಕೊಂಡು ಜೋತು ಬಿದ್ರೂ ಜಗ್ಗಲಿಲ್ಲ. ಐದು ಕೆಜಿ ಬ್ಯಾಗ್ ಯಾವ ಲೆಕ್ಕ ಅಂತ ಮೂರು ವಾರ ಓಡಾಡ್ದೆ.

ಅಕ್ಟೋಬರ್‌ನಲ್ಲಿ ಬೇಲೂರು, ಮೂಡಿಗೆರೆ ಮೇಲೆ ಒಬ್ಬನೇ ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳೀತಿದ್ದೆ, ಮಂಜು ಇತ್ತು, ಸ್ಪೀಡು ಮೂವತ್ತೂ ಇರ್ಲಿಲ್ಲ. ಎಡಗಡೆ ಟಕ್ ಅಂತ ಒಂದು ಸೌಂಡು. ಕಲ್ಲು ಸಿಡೀತೇನೋ ಅನ್ಕೊಳ್ಳೋಷ್ಟರಲ್ಲಿ ಬ್ಯಾಗ್ ಒಳಕ್ಕೆ ಮಗುಚಿ ಅದ್ರ ಬೆಲ್ಟು ಸ್ಪೋಕ್ಸಿಗೆ ಸುತ್ಕೊಂಡು ಹಿಂದಿನ ಚಕ್ರ ಗಕ್ಕಂತ ನಿಂತ್ಬಿಡ್ತು, ಬೈಕು ಅಡ್ಡಡ್ಡ ಜಾರ್ಕೊಂಡು ಹೋಗಿ ಗುಡ್ಡದ ಕಡೆ ಚರಂಡಿಗೆ ನುಗ್ತು. ಬಲಗಡೆ ಕಣಿವೆ. ಮಂಡಿ, ಮೊಣಕೈ ಕಿತ್ತೋಯ್ತು, ಅಷ್ಟರಲ್ಲೇ ಮುಗೀತು. ಹಿಂದೆ ಬರ್ತಿದ್ದ ಬಸ್ಸಿನ ಡ್ರೈವರ್ ಇಳಿದು ಬಂದು ಬೈಕ್ ಎತ್ತೋಕೆ ಕೈ ಹಾಕಿ, ತುಂಡಾದ ಪಟ್ಟಿ ನೋಡಿ "ಎಂತ ಮಾರಾಯ್ರೆ, ಬಟ್ಟೆ ಒಣಗಿಸುವ ಕಂಬಿ ಕಟ್ಕೊಂಡು ಘಾಟಿ ಇಳಿಯುವುದಾ?" ಅಂದ್ರು. ಉತ್ತರ ಇರ್ಲಿಲ್ಲ ನನ್ ಹತ್ರ.

ಮುರಿದ ಪಟ್ಟಿ ಈಗ್ಲೂ ಇಟ್ಕೊಂಡಿದೀನಿ. ಸರಿಯಾಗಿ ಬಗ್ಗಿಸಿದ ಜಾಗದಲ್ಲೇ ಮುರಿದಿದೆ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ನುಣ್ಣಗೆ ಮಾಸಲಾಗಿದೆ, ಧೂಳು ಎಣ್ಣೆ ಒಳಗೆ ಕೂತಿದೆ, ಉಳಿದ ಕಾಲು ಭಾಗ ಮಾತ್ರ ತರಿತರಿಯಾಗಿ ಹೊಳೀತಿದೆ. ಐಟಿಐ ಫಿಟ್ಟರ್ ಓದಿರೋ ಫ್ರೆಂಡ್ ನೋಡಿ ಹೇಳ್ದ, ಮಾಸಿರೋದೆಲ್ಲ ದಿನಾ ಸ್ವಲ್ಪ ಸ್ವಲ್ಪ ಬಿರುಕು ಬಿಟ್ಕೊಂಡು ಬಂದಿರೋದು, ಅವತ್ತು ಮುರಿದಿದ್ದು ಆ ಹೊಳಿಯೋದಷ್ಟೇ. ಅಂದ್ರೆ ಮೂರು ವಾರ ನಾನು ಬಿರುಕಿನ ಮೇಲೇ ಬ್ಯಾಗ್ ನೇತಾಕ್ಕೊಂಡು ತಿರುಗಿದೀನಿ. ಇಂಜಿನ್ 4000 ಆರ್‌ಪಿಎಂನಲ್ಲಿ ಓಡಿದ್ರೆ ಗಂಟೆಗೆ 2,40,000 ಸುತ್ತು, ಅಷ್ಟು ಸಲ ಪಟ್ಟಿ ನಡುಗುತ್ತೆ. ಕಬ್ಬಿಣ ಆದ್ರೆ ಒಂದು ಮಟ್ಟದ ಒಳಗಿನ ನಡುಕ ಎಷ್ಟು ಕಾಲ ಬೇಕಾದ್ರೂ ತಡ್ಕೊಳತ್ತೆ, ಅಲ್ಯೂಮಿನಿಯಂಗೆ ಆ ಮಟ್ಟ ಅನ್ನೋದೇ ಇಲ್ವಂತೆ, ಸಣ್ಣ ನಡುಕಾನೂ ಲೆಕ್ಕಕ್ಕೆ ಸೇರ್ತಾ ಹೋಗತ್ತೆ. ಜೋತು ಬಿದ್ದು ಟೆಸ್ಟ್ ಮಾಡಿದ್ದು ಇದಕ್ಕೆ ಏನೂ ಪ್ರಯೋಜನ ಇಲ್ಲ.

ನಟ್ಟುಗಳ ಕಥೆ ಬೇರೆ. ನಾಲ್ಕರಲ್ಲಿ ಒಂದು ಆಗ್ಲೇ ಬಿಚ್ಕೊಂಡು ಎಲ್ಲೋ ಬಿದ್ದೋಗಿತ್ತು, ಮಾಮೂಲಿ ನಟ್ಟು ಅವು. ಒಳಗೆ ನೈಲಾನ್ ರಿಂಗ್ ಇರೋ ನೈಲಾಕ್ ನಟ್ಟು ಅದೇ ಅಂಗಡೀಲಿ ಸಿಗತ್ತೆ, ಕೇಳೋಕೆ ಗೊತ್ತಿರ್ಬೇಕಷ್ಟೆ (ಸೈಲೆನ್ಸರ್ ಹತ್ರ ಮಾತ್ರ ಬೇಡ, ಶಾಖಕ್ಕೆ ರಿಂಗ್ ಹೋಗತ್ತೆ). ಬೋಲ್ಟ್ ತಲೆ ಮೇಲೆ 8.8 ಅಂತ (ಅದು ಬೋಲ್ಟಿನ ಗಟ್ಟಿತನದ ಗುರುತು) ಇದ್ಯಾ ನೋಡಿ, ಏನೂ ಇಲ್ದಿದ್ರೆ ಗೇಟಿಗೆ ಸರಿ, ಬೈಕಿಗಲ್ಲ. ಪಿವಿಸಿ ಪೈಪಲ್ಲಿ ಟೂಲ್ ಡಬ್ಬಾನೂ ಮಾಡಿದ್ದೆ, ಸೈಲೆನ್ಸರ್ ಪಕ್ಕ ಕಟ್ಟಿದ್ದಕ್ಕೆ ಮೆತ್ತಗಾಗಿ ಬಾಳೆಕಾಯಿ ಥರ ಬಗ್ಗಿದೆ, ಪಿವಿಸಿ 80 ಡಿಗ್ರಿ ಆಸುಪಾಸಲ್ಲೇ ಸೋಲತ್ತೆ.

ಈಗ 12 ಎಂಎಂ ಕಬ್ಬಿಣದ ರಾಡನ್ನ ದೊಡ್ಡ ತಿರುವು ಕೊಟ್ಟು ಬಗ್ಗಿಸಿ ವೆಲ್ಡಿಂಗ್ ಶಾಪಲ್ಲಿ ಸ್ಟೇ ಮಾಡಿಸಿದೀನಿ, ಸಾರಿ ಗಾರ್ಡ್ ಬಿಚ್ಚದೆ, ಅದ್ರ ಹೊರಗಡೆಯಿಂದ. ಸೆಂಟ್ರಲ್ ಮೋಟಾರ್ ವೆಹಿಕಲ್ಸ್ ರೂಲ್ಸ್ 1989ರ 123ನೇ ರೂಲಲ್ಲೇ ಇದೆ, ಹಿಂದೆ ಕೂತೋರ ಬಟ್ಟೆ ಸಿಗದ ಹಾಗೆ ಹಿಂದಿನ ಚಕ್ರ ಅರ್ಧನಾದ್ರೂ ಮುಚ್ಚಿರ್ಬೇಕು ಅಂತ. ಅದು ಇದ್ದಿದ್ರೆ ಪಟ್ಟಿ ಮುರಿದ್ರೂ ಬ್ಯಾಗ್ ಚಕ್ರಕ್ಕೆ ಹೋಗ್ತಿರ್ಲಿಲ್ಲ.

ಗಾರ್ಡ್ ವಾಪಸ್ ಹಾಕ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು. ಬೀಳೋ ಹಿಂದಿನ ಭಾನುವಾರ ಅವರನ್ನ ಇದೇ ಬೈಕಲ್ಲಿ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ದೆ. "ಅವತ್ತೇ ಕೇಳೋಣ ಅನ್ಕೊಂಡೆ ಕಣೋ ಆ ಕಂಬಿ ಎಲ್ಲೋಯ್ತು ಅಂತ" ಅಂದ್ರು, "ನೀನು ಬೈಕೊಳ್ತೀಯ ಅಂತ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಸುಮ್ನೆ ಕೂತೆ."