24 ಇಂಚಿನ ಗಿಟಾರ್: ರಾಡ್ ತಿರುಗಿಸೋದಾ, ಸ್ಯಾಡಲ್ ಎತ್ತೋದಾ, ತಂತಿ ಬದಲಿಸೋದಾ?

ಬಸವನಗುಡಿಯ ನಮ್ಮ ಮನೆಯಲ್ಲಿ ಈಗ ಎರಡು ಗಿಡ್ಡ ಎಲೆಕ್ಟ್ರಿಕ್ ಗಿಟಾರ್‌ಗಳಿವೆ. ಒಂದು ನನ್ನದು, ಮಸ್ಟ್ಯಾಂಗ್ ಮಾದರಿಯದು, ಸ್ಕೇಲ್ 24 ಇಂಚು. ಇನ್ನೊಂದು ಅಕ್ಕನ ಮಗನ ಮಿನಿ, 22.75 ಇಂಚು. ಸ್ಕೇಲ್ ಅಂದರೆ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ತೋಡುಗಳ ಪಟ್ಟಿ) ಸ್ಯಾಡಲ್‌ವರೆಗೆ (ಇನ್ನೊಂದು ತುದಿಯಲ್ಲಿ ತಂತಿಯನ್ನು ಹೊರುವ ಲೋಹದ ತುಂಡು) ತಂತಿ ಮಿಡಿಯುವ ಉದ್ದ. ಫೆಂಡರ್ ಕಂಪನಿಯ ಸ್ಟ್ರಾಟ್, ಟೆಲಿ ಥರದ ಉದ್ದ ಗಿಟಾರ್‌ಗಳಲ್ಲಿ ಅದು 25.5 ಇಂಚು ಇರುತ್ತದೆ. ನನ್ನ ಕೈ ಚಿಕ್ಕದು. ನಟ್‌ನಿಂದ ಮೊದಲ ಫ್ರೆಟ್‌ಗೆ, ಅಂದರೆ ಮೊದಲ ಲೋಹದ ಅಡ್ಡಪಟ್ಟಿಗೆ, ಇರುವ ದೂರ ಅಲ್ಲಿ 36.4 ಮಿ.ಮೀ., ನನ್ನದರಲ್ಲಿ 34.2. ಬರೀ ಎರಡು ಮಿಲಿಮೀಟರ್ ಅನ್ನಿಸಬಹುದು. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಎಫ್ ಬಾರೆ ಕಾರ್ಡ್ ಹಿಡಿದು ನೋಡಿ, ಆ ಎರಡು ಮಿಲಿಮೀಟರ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಕೈಗೆ ಸುಖ, ಆದರೆ ಕಿವಿಗೆ ಕಿರಿಕಿರಿ. ದಪ್ಪ ಇ ತಂತಿ ಮೊದಲ ಐದು ಫ್ರೆಟ್‌ಗಳಲ್ಲಿ ಜಿರ್ ಅನ್ನುತ್ತಿತ್ತು. ಊರಿನ ಒಂದು ಅಂಗಡಿಯಲ್ಲಿ ಸೆಟಪ್ ಮಾಡಿಸಿದೆ. ಉದ್ದ ಗಿಟಾರ್‌ಗೆ ಇಡುವ ಅಳತೆಯನ್ನೇ ಇದಕ್ಕೂ ಇಟ್ಟು ಕೊಟ್ಟರು. ಜಿರ್ ಸದ್ದು ಹೋಗಲಿಲ್ಲ. ಆಮೇಲೆ ನಾನೇ ಕೂತು ಒಂದೊಂದು ದಾರಿಯನ್ನೂ ಬೇರೆ ಬೇರೆಯಾಗಿ ಮಾಡಿ ನೋಡಿದೆ. ಪ್ರತಿಯೊಂದನ್ನೂ ಕೆಲವು ದಿನ ನುಡಿಸಿ, ಅಳತೆ ಬರೆದಿಟ್ಟುಕೊಂಡೆ.

ಮೊದಲು ಕಾರಣ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಸ್ಕ್ರೂ ತಿರುಗಿಸಿದರೆ ಸುಮ್ನೆ ಸುತ್ತಾಟ. ಅದೇ ತಂತಿ, ಅದೇ ಸ್ವರ, ಆದರೆ ಉದ್ದ ಕಡಿಮೆ. ಆಗ ತಂತಿಯ ಬಿಗಿಯೂ ಕಡಿಮೆಯಾಗಬೇಕು, ಅದೂ ಉದ್ದದ ವರ್ಗದ ಲೆಕ್ಕದಲ್ಲಿ. 25.5ರಿಂದ 24ಕ್ಕೆ ಬಂದರೆ ಬಿಗಿ ಸುಮಾರು ಶೇ. 11 ಇಳಿಯುತ್ತದೆ. 22.75ಕ್ಕೆ ಬಂದರೆ ಶೇ. 20. 9 ಗೇಜ್‌ನ, ಅಂದರೆ ಇಂಚಿನ ಸಾವಿರದಲ್ಲಿ 9 ಭಾಗ ದಪ್ಪದ, ಸಣ್ಣ ಇ ತಂತಿ ಉದ್ದ ಗಿಟಾರ್‌ನಲ್ಲಿ ಹತ್ತಿರ ಹತ್ತಿರ 6 ಕೆ.ಜಿ. ಎಳೆಯುತ್ತದೆ, ನನ್ನದರಲ್ಲಿ 5.3. ಸಡಿಲ ತಂತಿ ಹೆಚ್ಚು ಅಗಲವಾಗಿ ಓಲಾಡುತ್ತದೆ. ಓಲಾಡುವಾಗ ಫ್ರೆಟ್‌ಗೆ ತಗಲುತ್ತದೆ. ಜಿರ್ ಸದ್ದು ಅಂದರೆ ಇಷ್ಟೇ.

ಅಳೆಯೋಕೆ ಫೀಲರ್ ಗೇಜ್ ಬೇಕಿತ್ತು, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು. ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. "ಯಾವ ಗಾಡಿ ಮೇಡಂ, ಟ್ಯಾಪೆಟ್ ಸೆಟ್ ಮಾಡೋಕಾ?" ಅಂದರು. "ಗಾಡಿಗಲ್ಲ ಅಣ್ಣ, ಗಿಟಾರ್‌ಗೆ" ಅಂದೆ. ಎಷ್ಟು ಸಂದು ಅಳೀಬೇಕು ಅಂತ ಕೇಳಿ, ಎಲೆಗಳನ್ನು ಬೀಸಣಿಗೆ ಥರ ಬಿಚ್ಚಿ ತೋರಿಸಿದರು. "0.05ರಿಂದ ಶುರುವಾಗೋದು ತಗೊಳ್ಳಿ. ಎರಡು ಎಲೆ ಸೇರಿಸಿದ್ರೆ ಬೇಕಾದ ಅಳತೆ ಬರುತ್ತೆ." ಒಳ್ಳೆಯ ಸಲಹೆ, ಹಾಗೇ ಮಾಡುತ್ತಿದ್ದೇನೆ. ಫೀಲರ್ ಗೇಜ್ ಸಿಗದಿದ್ದರೂ ಚಿಂತೆಯಿಲ್ಲ. 10 ಗೇಜ್ ಸೆಟ್‌ನ ಸಣ್ಣ ಇ ತಂತಿಯ ದಪ್ಪ 0.25 ಮಿ.ಮೀ. ತಂತಿ ಹಾಕಿದ ಮೇಲೆ ಕತ್ತರಿಸಿ ಬಿಸಾಡುವ ತುಂಡನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ರಿಲೀಫ್ ಅಂದರೆ ನೆಕ್, ಅಂದರೆ ಫ್ರೆಟ್‌ಗಳಿರುವ ಉದ್ದನೆಯ ಭಾಗ, ಮುಂದಕ್ಕೆ ಬಾಗಿರುವ ಸಣ್ಣ ಬಾಗು. ಅದನ್ನು ಅಳೆಯೋದು ಹೀಗೆ. ಗಿಟಾರನ್ನು ಶ್ರುತಿ ಮಾಡಿ, ನುಡಿಸುವ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಮೇಜಿನ ಮೇಲೆ ಮಲಗಿಸಿದರೆ ನೆಕ್‌ನ ಭಾರಕ್ಕೆ ಅಳತೆ ಬದಲಾಗುತ್ತದೆ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನೇರವಾದ ರೂಲರ್. 7ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವೆ ಎಲೆ ತೂರಿಸಿ. ತಂತಿ ಅಲುಗದೆ, ಸ್ವಲ್ಪ ಸವರಿಕೊಂಡು ಹೋಗುವ ಎಲೆ ಯಾವುದೋ ಅದೇ ರಿಲೀಫ್. ಆಕ್ಷನ್ ಅಂದರೆ ತಂತಿಯ ಎತ್ತರ. ಕೇಪೊ ತೆಗೆದು 17ನೇ ಫ್ರೆಟ್‌ನಲ್ಲಿ ಅಳೆಯುತ್ತೇನೆ, ಫೆಂಡರ್‌ನವರ ಅಳತೆ ಅಲ್ಲಿಯದೇ ಆದ್ದರಿಂದ. ನನ್ನ ಗಿಟಾರ್‌ನಂತೆ ಫ್ರೆಟ್‌ಬೋರ್ಡ್‌ನ ಗುಂಡುತನದ ಅಳತೆ, ಅಂದರೆ ರೇಡಿಯಸ್, 12 ಇಂಚು ಇದ್ದರೆ ಅವರು ಹೇಳೋದು ರಿಲೀಫ್ 0.25 ಮಿ.ಮೀ., ಆಕ್ಷನ್ 1.6 ಮಿ.ಮೀ. ನನ್ನ ಆರಂಭವೂ ಇದೇ, 9-42 ತಂತಿಯಲ್ಲಿ (ಸಣ್ಣ ಇ 9 ಗೇಜ್, ದಪ್ಪ ಇ 42).

ಮೊದಲ ದಾರಿ ರಿಲೀಫ್ ಹೆಚ್ಚಿಸೋದು. ಎಲ್ಲರೂ ಮೊದಲು ಹೇಳೋದು ಇದನ್ನೇ. ಸದ್ದು ಮೊದಲ ಐದು ಫ್ರೆಟ್‌ಗಳಲ್ಲಿದ್ದರೆ ನೆಕ್ ತೀರಾ ನೇರವಾಗಿದೆ ಅಂತ ಅರ್ಥ, ನೆಕ್ ಒಳಗಿರುವ, ಬಾಗು ಹೊಂದಿಸುವ ಟ್ರಸ್ ರಾಡ್ ಸಡಿಲ ಮಾಡಿ ಅನ್ನುತ್ತಾರೆ. ಮಾತು ಸುಳ್ಳಲ್ಲ. ರಾಡನ್ನು ಎಡಕ್ಕೆ ಕಾಲು ಸುತ್ತು ಬಿಟ್ಟೆ, ಮಾರನೆಯ ದಿನ 0.40 ಬಂತು. ಮೊದಲ ಫ್ರೆಟ್‌ಗಳು ಶುದ್ಧವಾದವು. ಆದರೆ 5ರಿಂದ 9ರವರೆಗೆ ತಂತಿ ಎದ್ದು ನಿಂತ ಹಾಗಾಯಿತು. ನಡುವಿನಲ್ಲಿ ಬಾರೆ ಹಿಡಿದರೆ ಕೈ ನೋಯುತ್ತಿತ್ತು. ಅದನ್ನು ತಗ್ಗಿಸಲು ಸ್ಯಾಡಲ್ ಇಳಿಸಿದರೆ 12ನೇ ಫ್ರೆಟ್ ಆಚೆ ಹೊಸದಾಗಿ ಜಿರ್ ಶುರು. ಒಂದು ಕಡೆಯ ಸದ್ದನ್ನು ಇನ್ನೊಂದು ಕಡೆಗೆ ತಳ್ಳಿದ ಹಾಗಾಯಿತು. ವಾರ ಮುಗಿಯುವ ಮೊದಲೇ ರಾಡನ್ನು 0.25ಕ್ಕೆ ವಾಪಸ್ ತಂದೆ.

ಎರಡನೆಯದು ಸ್ಯಾಡಲ್ ಎತ್ತೋದು. ರಿಲೀಫ್ 0.25ರಲ್ಲೇ ಬಿಟ್ಟು, ಆಕ್ಷನ್ 1.6ರಿಂದ 2.0ಕ್ಕೆ ತಂದೆ. ಸ್ಯಾಡಲ್ ಒಂದು ಮಿಲಿಮೀಟರ್ ಎತ್ತಿದರೆ 17ನೇ ಫ್ರೆಟ್‌ನಲ್ಲಿ ಸುಮಾರು 0.6 ಮಾತ್ರ ಏರುತ್ತದೆ. ಹಾಗಾಗಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಿರುಗಿಸಬೇಕಾಯಿತು. ಸದ್ದು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸರಿಹೋಯಿತು ಅಂದುಕೊಂಡೆ.

ತಪ್ಪು ಹಿಡಿದಿದ್ದು ಅಮ್ಮ. ಅವರು ಸಂಗೀತ ಪಾಠ ಹೇಳುತ್ತಾರೆ, ಅವರ ಕಿವಿ ನಾಲ್ಕು ದಶಕ ತಂಬೂರಿಯ ಜೊತೆ ಬೆಳೆದದ್ದು. ಸಂಜೆ ಹಾಲ್‌ನಲ್ಲಿ ಕೂತು ಎಫ್, ಸಿ, ಎ ಮೈನರ್ ಹಿಡಿಯುತ್ತಿದ್ದೆ. ಅಡುಗೆಮನೆಯಿಂದ ಹೇಳಿದರು: "ಶ್ರುತಿ ಏರಿದೆ ಕಣೇ, ಒಂದೆಳೆಯಷ್ಟು."

"ಟ್ಯೂನರ್ ಹಸಿರು ತೋರಿಸ್ತಿದೆಯಲ್ಲಮ್ಮ."

"ಒತ್ತದೇ ಇದ್ದಾಗ ಸರಿ ಇದೆ. ನೀನು ಒತ್ತಿದ ಮೇಲೆ ಏರುತ್ತೆ."

ಟ್ಯೂನರ್ ಹಾಕಿಕೊಂಡೇ ಒಂದೊಂದು ತಂತಿ ಒತ್ತಿ ನೋಡಿದೆ. ಅಮ್ಮ ಹೇಳಿದ್ದೇ ಸರಿ. ತಂತಿ ಎತ್ತರದಲ್ಲಿದ್ದರೆ ಒತ್ತುವಾಗ ಜಾಸ್ತಿ ಎಳೆಯುತ್ತದೆ. ತಂತಿ ಸಡಿಲವಾಗಿದ್ದರೆ ಅಷ್ಟೇ ಎಳೆತಕ್ಕೆ ಸ್ವರ ಇನ್ನೂ ಮೇಲೇರುತ್ತದೆ. ಗಿಡ್ಡ ಗಿಟಾರ್‌ನಲ್ಲಿ 9 ಗೇಜ್ ಹಾಕಿ ಆಕ್ಷನ್ ಎತ್ತಿದಾಗ ಎರಡೂ ಒಟ್ಟಿಗೆ ಸೇರುತ್ತವೆ. ಸ್ಯಾಡಲ್ ಹಿಂದೆ ಮುಂದೆ ಸರಿಸಿ 12ನೇ ಫ್ರೆಟ್‌ನ ಸ್ವರ ಕೂರಿಸಬಹುದು, ಆದರೆ ನಟ್ ಹತ್ತಿರದ ಕಾರ್ಡ್‌ಗಳಿಗೆ ಅದರಿಂದ ಪ್ರಯೋಜನ ಇಲ್ಲ. ಮೆಲ್ಲಗೆ ಒತ್ತುವವರಿಗೆ, ತಂತಿಯ ಮೇಲೆ ಕೊಳವೆ ಜಾರಿಸಿ ಸ್ಲೈಡ್ ನುಡಿಸುವವರಿಗೆ ಈ ದಾರಿ ಸಾಕು. ನನಗೆ ಸಾಲದು.

ಮೂರನೆಯದು ತಂತಿಯನ್ನೇ ಬದಲಿಸೋದು. ಇದನ್ನೇ ಮೊದಲು ಮಾಡಬೇಕಿತ್ತು. ಫೆಂಡರ್‌ನ 24 ಇಂಚಿನ ಜಾಗ್ವಾರ್ 1962ರಲ್ಲಿ, ಮಸ್ಟ್ಯಾಂಗ್ 1964ರಲ್ಲಿ ಬಂದಾಗ ಜನ ಹಾಕುತ್ತಿದ್ದದ್ದು ಈಗಿನ 9 ಗೇಜ್‌ಗಿಂತ ದಪ್ಪ ತಂತಿ. ಗಿಡ್ಡ ಸ್ಕೇಲ್‌ಗೂ ದಪ್ಪ ತಂತಿಗೂ ಹಳೆಯ ಜೋಡಿ. 10-46 ಸೆಟ್ ಹಾಕಿದೆ. ನನ್ನ ಗಿಟಾರ್‌ನಲ್ಲಿ ಇದರ ಸಣ್ಣ ಇ ಸುಮಾರು 6.5 ಕೆ.ಜಿ. ಎಳೆಯುತ್ತದೆ. ಉದ್ದ ಗಿಟಾರ್‌ನ 9ಕ್ಕಿಂತ ಜಾಸ್ತಿ, 10ಕ್ಕಿಂತ ಕಡಿಮೆ.

ತಂತಿ ಹಾಕಿದ ರಾತ್ರಿ ಏನನ್ನೂ ತಿರುಗಿಸಲಿಲ್ಲ. ಹೊಸ ಎಳೆತಕ್ಕೆ ನೆಕ್ ಒಗ್ಗಲಿ ಅಂತ ಬಿಟ್ಟೆ. ಬೆಳಿಗ್ಗೆ ಅಳೆದರೆ 0.30ರ ಎಲೆ ಸಲೀಸಾಗಿ ಹೋಯಿತು, 0.35ರದು ತಂತಿಯನ್ನು ಎತ್ತಿತು. ಅಂದರೆ ದಪ್ಪ ತಂತಿ ನೆಕ್ಕನ್ನು ಮುಂದಕ್ಕೆ ಬಗ್ಗಿಸಿದೆ. ತಂತಿ ಸ್ವಲ್ಪ ಸಡಿಲಿಸಿ, ರಾಡನ್ನು ಬಲಕ್ಕೆ ಅರೆಕಾಲು ಸುತ್ತು, ಅಂದರೆ ಎಂಟನೇ ಒಂದು ಭಾಗ, ಬಿಗಿ ಮಾಡಿದೆ. ಮತ್ತೆ ಶ್ರುತಿ, ಮತ್ತೆ ಅಳತೆ: 0.20. ಒಂದು ಸಲಕ್ಕೆ ಕಾಲು ಸುತ್ತು ದಾಟಬೇಡಿ. ರಾಡ್ ತಿರುಗಿಸುವ ಕೀ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ರಾಡ್ ಮುರಿದರೆ ನೆಕ್ಕೇ ಹೋಯಿತು. ಆಮೇಲೆ ದಪ್ಪ ಇ 1.7ಕ್ಕೆ, ಸಣ್ಣ ಇ 1.5ಕ್ಕೆ ಕೂರಿಸಿ, ಕೊನೆಯಲ್ಲಿ ಇಂಟೊನೇಶನ್, ಅಂದರೆ 12ನೇ ಫ್ರೆಟ್‌ನ ಸ್ವರ ಸರಿ ಕೂತಿದೆಯಾ ಅಂತ, ನೋಡಿದೆ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕಾಗುತ್ತದೆ.

ಶ್ರುತಿ ಮಾಡುವಾಗ ಜಿ ತಂತಿ ಟಿಣ್ ಅಂತ ಜಿಗಿಯುತ್ತಿತ್ತು. ನಟ್‌ನ ತೋಡು ದಪ್ಪ ತಂತಿಯನ್ನು ಕಚ್ಚಿಕೊಳ್ಳುತ್ತಿತ್ತು. ಪೆನ್ಸಿಲ್ ಸೀಸ ಗೀಚಿದೆ, ಸರಿಹೋಯಿತು.

ಫಲ ಬಹಳ ಚೆನ್ನಾಗಿದೆ. ಸಾಧಾರಣ ಜೋರಿನಲ್ಲಿ ದಪ್ಪ ಇ ಶುದ್ಧ. ತುಂಬಾ ಜೋರಾಗಿ ಬಾರಿಸಿದರೆ ಒಂದು ಸಣ್ಣ ಟಿಕ್ ಇದೆ, ಆದರೆ ಆಂಪ್‌ನಲ್ಲಿ (ಆಂಪ್ಲಿಫೈಯರ್‌ನಲ್ಲಿ) ಅದು ಕೇಳಿಸೋದಿಲ್ಲ. ಎಲೆಕ್ಟ್ರಿಕ್ ಗಿಟಾರ್‌ನ ಸದ್ದನ್ನು ಆಂಪ್‌ಗೆ ಹಾಕಿಯೇ ತೀರ್ಮಾನ ಮಾಡಬೇಕು ಅಲ್ವಾ? ಬರಿಗಿಟಾರ್ ಕೇಳಿ ಆಕ್ಷನ್ ಎತ್ತುತ್ತಾ ಹೋದರೆ ನುಡಿಸುವ ಸುಖವೇ ಹೋಗುತ್ತದೆ. ಬೆಂಡ್ ಮಾಡೋದು, ಅಂದರೆ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು, 9ಕ್ಕಿಂತ ಸ್ವಲ್ಪ ಗಟ್ಟಿ, ಎರಡು ದಿನದಲ್ಲಿ ಬೆರಳು ಒಗ್ಗಿತು. ಎಫ್ ಹಿಡಿದು ಅಮ್ಮನನ್ನೇ ಕೇಳಿದೆ. "ಈಗ ಕೂತಿದೆ" ಅಂದರು.

11-49 ಕೂಡ ಹಾಕಿ ನೋಡಿದೆ. ಸಣ್ಣ ಇ ಉದ್ದ ಗಿಟಾರ್‌ನ 10ಕ್ಕಿಂತಲೂ ಬಿಗಿ. ನಟ್ ಅರದಿಂದ ಉಜ್ಜಬೇಕಿತ್ತು. ಒಮ್ಮೆ ಉಜ್ಜಿದರೆ ಹಿಂದಕ್ಕೆ ಬರೋಕೆ ಆಗೋದಿಲ್ಲ. ಅರ್ಧ ಸ್ವರ ಇಳಿಸಿ ನುಡಿಸುವವರಿಗೆ ಒಳ್ಳೆಯದು. ನಾನು ಮೂರೇ ದಿನಕ್ಕೆ ಬಿಚ್ಚಿದೆ.

ಹಳೆಯ ಮಾದರಿಯ 7.25 ಇಂಚು ರೇಡಿಯಸ್ ಇರುವ ಗಿಟಾರ್ ನಿಮ್ಮದಾದರೆ ನನ್ನ ಅಂಕಿಗಳನ್ನು ಹಾಗೇ ಇಡಬೇಡಿ. ಬೋರ್ಡ್ ಹೆಚ್ಚು ಗುಂಡಗಿರುವುದರಿಂದ ಬೆಂಡ್ ಮಾಡಿದ ತಂತಿ ಮೇಲಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಅಲ್ಲಿ ರಿಲೀಫ್ 0.30, ದಪ್ಪ ತಂತಿಗಳ ಕಡೆ 2.0, ಸಣ್ಣ ತಂತಿಗಳ ಕಡೆ 1.6 ಅಂತ ಫೆಂಡರ್‌ನವರೇ ಹೇಳುತ್ತಾರೆ.

ಮಿನಿಯ ಕಥೆ ಬೇರೆ. "ಚಿಕ್ಕಮ್ಮ, ನನ್ನದರಲ್ಲಿ ಮೊದಲನೇ ಫ್ರೆಟ್ ಒತ್ತೋಕೇ ಆಗಲ್ಲ" ಅಂತ ಅಕ್ಕನ ಮಗ ತಂದುಕೊಟ್ಟ. ಅವನಿಗೆ ಒಂಬತ್ತು ವರ್ಷ. ರಿಲೀಫ್ ಸರಿಯಿತ್ತು, ಆಕ್ಷನ್ ಕೂಡ ಸರಿಯಿತ್ತು. 3ನೇ ಫ್ರೆಟ್ ಒತ್ತಿ ಮೊದಲ ಫ್ರೆಟ್ ಮೇಲಿನ ಸಂದು ನೋಡಿದೆ. ಕೂದಲೆಳೆಯಷ್ಟಿರಬೇಕಾದ ಕಡೆ 0.40ರ ಎಲೆ ಆರಾಮಾಗಿ ಹೋಯಿತು. ನಟ್ ಎತ್ತರವಾಗಿದೆ. ಇದಕ್ಕೆ ರಾಡೂ ಮದ್ದಲ್ಲ, ಸ್ಯಾಡಲೂ ಮದ್ದಲ್ಲ. ನಟ್‌ನ ತೋಡುಗಳನ್ನು ಆಳ ಮಾಡಬೇಕು, ಅದಕ್ಕೆ ಒಂದೊಂದು ತಂತಿಗೆ ಒಂದೊಂದು ಅರ ಬೇಕು. ಅದನ್ನು ಕೈಪಳಗಿದವರಿಂದ ಮಾಡಿಸಿದೆ. ತಂತಿ ಮಾತ್ರ 10-46 ಹಾಕಿದೆ. 22.75 ಇಂಚಿನಲ್ಲಿ ಅದರ ಬಿಗಿ ಉದ್ದ ಗಿಟಾರ್‌ನ 9ಕ್ಕೆ ಹೆಚ್ಚುಕಡಿಮೆ ಸಮ. ಮಗುವಿನ ಬೆರಳಿಗೆ ಅದು ಸಾಕು. ರಿಲೀಫ್ 0.25, ಆಕ್ಷನ್ 1.8.

ಒಂದು ಸಲ ಕೂರಿಸಿದರೆ ವರ್ಷಪೂರ್ತಿ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಯುಗಾದಿ ಹೊತ್ತಿಗೆ ನನ್ನದರಲ್ಲಿ 0.20 ಇದ್ದದ್ದು, ಮಳೆಗಾಲದಲ್ಲಿ ಗೌರಿ ಹಬ್ಬದ ಹೊತ್ತಿಗೆ 0.30 ಆಗಿತ್ತು. ಸ್ಯಾಡಲ್ ಮುಟ್ಟಲಿಲ್ಲ. ರಾಡನ್ನು ಅರೆಕಾಲು ಸುತ್ತು ಬಿಗಿ ಮಾಡಿದೆ, ಆಕ್ಷನ್ ತಾನಾಗಿ ಮೊದಲಿನ ಜಾಗಕ್ಕೆ ಬಂತು. ಈಗ ಮತ್ತೆ ಬಿಸಿಲು ಏರುತ್ತಿದೆ. ಫೀಲರ್ ಗೇಜ್ ಮೇಜಿನ ಮೇಲೇ ಇದೆ, ಈ ಭಾನುವಾರ ಎರಡನ್ನೂ ಅಳೆಯಬೇಕು.