ಎದೆ ಹಿಡಿದುಕೊಂಡರೆ ಪಕ್ಕದ ಮನೆಯ ಸಾರ್ಬಿಟ್ರೇಟ್ ಇಡಬೇಡಿ

ರಾತ್ರಿ ಊಟವಾದ ಮೇಲೆ ಮೇಲುಹೊಟ್ಟೆಯಲ್ಲಿ ಉರಿ, ಎರಡು ಸಲ ವಾಂತಿ, ತಣ್ಣನೆ ಬೆವರು. ಗ್ಯಾಸ್ ಇರಬೇಕೆಂದು ಮನೆಯವರು ಸೋಡಾ, ಜೀರಿಗೆ ನೀರು ಕುಡಿಸುತ್ತಾರೆ. ಒಂದು ತಾಸಾದರೂ ಇಳಿಯದಿದ್ದಾಗ ಪಕ್ಕದ ಮನೆಯವರು ತಮ್ಮ ಡಬ್ಬಿಯಿಂದ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ತಂದು ನಾಲಿಗೆಯ ಕೆಳಗಿಡುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆ, ನಾಡಿಯೇ ಸಿಗುವುದಿಲ್ಲ. ಆಸ್ಪತ್ರೆ ಮುಟ್ಟಿದಾಗ ಬಿಪಿ 70. ತುರ್ತು ವಿಭಾಗಗಳಿಗೆ ಇಂಥವರು ಬರುತ್ತಲೇ ಇರುತ್ತಾರೆ, ತಂದವರು ಮಾಡಿದ್ದೆಲ್ಲ ಒಳ್ಳೆಯದಕ್ಕೇ.

ಹೃದಯದ ತಳಭಾಗ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಮೇಲೆ ಕೂತಿದೆ, ಅದಕ್ಕೇ ಅಲ್ಲಿಯ ಹೃದಯಾಘಾತ ಹೊಟ್ಟೆನೋವಿನಂತೆ ಕಾಣುತ್ತದೆ. ಈ ಭಾಗಕ್ಕೆ ಹೆಚ್ಚಿನವರಲ್ಲಿ ರಕ್ತ ಕೊಡುವುದು ಬಲ ಕರೋನರಿ ರಕ್ತನಾಳ. ತಳಭಾಗದ ಆಘಾತಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಬಲ ಹೃತ್ಕುಕ್ಷಿಗೂ (ಶ್ವಾಸಕೋಶಕ್ಕೆ ರಕ್ತ ತಳ್ಳುವ ಕೋಣೆ) ಪೆಟ್ಟು ಬಿದ್ದಿರುತ್ತದೆ. ಸೋತ ಆ ಕೋಣೆ ಸಿರೆಗಳಿಂದ ವಾಪಸಾಗುವ ರಕ್ತದ ಒತ್ತಡದಿಂದಲೇ ನಡೆಯುತ್ತಿರುತ್ತದೆ. ಸಾರ್ಬಿಟ್ರೇಟ್ ಸಿರೆಗಳನ್ನು ಹಿಗ್ಗಿಸಿ ರಕ್ತವನ್ನು ಅಲ್ಲಲ್ಲೇ ನಿಲ್ಲಿಸುತ್ತದೆ, ಹೃದಯದ ಎಡಭಾಗಕ್ಕೆ ಹೋಗಬೇಕಾದ ರಕ್ತವೇ ಇಲ್ಲದಾಗುತ್ತದೆ. ನೀರಿಳಿಸುವ ಲ್ಯಾಸಿಕ್ಸ್ ಕೂಡ ಇಲ್ಲಿ ಇದೇ ಹಾನಿ ಮಾಡೀತು.

ಇಸಿಜಿಯಲ್ಲಿ 2, 3, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಗೆರೆ ಏರಿದ್ದರೆ, ಬಲ ಹೃತ್ಕುಕ್ಷಿಯ ಪೆಟ್ಟು ತೋರಿಸುವ ಬಲಬದಿಯ ವಿ4ಆರ್ ಲೀಡ್ ಕೂಡ ತೆಗೆಯಿರೆಂದು ಕೇಳಿ. ಅದಕ್ಕೆ ಒಂದೇ ನಿಮಿಷ ಸಾಕು. ಮೊದಲ ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ 15–30 ನಿಮಿಷಕ್ಕೆ ಇನ್ನೊಂದು ಬೇಕೇ ಬೇಕು. ಹೃದಯದ ಹಿಂಗೋಡೆಯ ಆಘಾತ ಮಾಮೂಲಿ 12 ಲೀಡ್‌ನಲ್ಲಿ ತಪ್ಪಿಸಿಕೊಳ್ಳಬಹುದು.

ಆಸ್ಪತ್ರೆ ಮುಟ್ಟುವವರೆಗೆ? 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಆಸ್ಪಿರಿನ್ 300 ಮಿ.ಗ್ರಾಂ ಅಗಿದು ನುಂಗಿಸಿ. ಸಾರ್ಬಿಟ್ರೇಟ್ ರೋಗಿಗೇ ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಮಾತ್ರ, ಇನ್ನೊಬ್ಬರದು ಬೇಡ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿಯೂ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನೂ ಉಚಿತ. ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಆ ಸಮಯ ಕಳೆಯಬೇಡಿ.

ಇನ್ನು ಚೇತರಿಕೆಯಲ್ಲಿ ಕಣ್ಣಿಗೆ ಕಾಣುವುದನ್ನೇ ನಂಬಿ ಮೋಸ ಹೋಗುತ್ತಾರೆ. ತಳಭಾಗದ ಆಘಾತದಲ್ಲಿ ನಾಡಿ 40ಕ್ಕೆ ಇಳಿದು, ತಾತ್ಕಾಲಿಕ ಪೇಸ್‌ಮೇಕರ್ ಹಾಕಿದಾಗ ಮನೆಯವರ ಜೀವ ಹಾರಿಹೋಗುತ್ತದೆ, ಆದರೆ ಹೃದಯದ ವಿದ್ಯುತ್ ಸಂಚಾರದ ಆ ತಡೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಿಡುತ್ತದೆ, ಬಲ ಹೃತ್ಕುಕ್ಷಿಯೂ ಬಹುಪಾಲು ಸುಧಾರಿಸುತ್ತದೆ. ಮುಂಗೋಡೆಯ ಆಘಾತ ಹಾಗಲ್ಲ. ಎಲ್ಎಡಿ ಎಂಬ ಮುಂಭಾಗದ ರಕ್ತನಾಳ ಎಡ ಹೃತ್ಕುಕ್ಷಿಯ ಅರ್ಧದಷ್ಟು ಸ್ನಾಯುವಿಗೆ ರಕ್ತ ಕೊಡುತ್ತದೆ. ಅದು ಮೇಲ್ತುದಿಯಲ್ಲೇ ಕಟ್ಟಿದರೆ ನಾಡಿ ಚೆನ್ನಾಗಿದ್ದೂ ಇಎಫ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರತಳ್ಳುವ ರಕ್ತದ ಶೇಕಡಾ ಪ್ರಮಾಣ) 30–35ಕ್ಕೆ ಬೀಳಬಹುದು, ಹೃದಯದ ತುದಿಯಲ್ಲಿ ಹೆಪ್ಪು ಕಟ್ಟಬಹುದು. ನೋವಿಲ್ಲವೆಂದು ಮಾತ್ರೆ ಬಿಟ್ಟು ಉಸಿರುಕಟ್ಟಿ ಮರಳುವವರಲ್ಲಿ ಇವರೇ ಹೆಚ್ಚು.

ಮೊದಲ ವಾರದ ಎಕೋ ಸ್ಕ್ಯಾನಿನ ಇಎಫ್ ಅಂಕಿಯನ್ನು ಕೊನೆಯದೆಂದುಕೊಳ್ಳಬೇಡಿ. ಮಂಕಾದ ಸ್ನಾಯು ವಾರಗಟ್ಟಲೆ ತೆಗೆದುಕೊಂಡು ಏಳುತ್ತದೆ. 6ರಿಂದ 12 ವಾರಕ್ಕೆ ಎಕೋ ಮತ್ತೆ ಮಾಡಿಸಿ. ಆಗಲೂ ಇಎಫ್ 35ಕ್ಕಿಂತ ಮೇಲೇಳದಿದ್ದರೆ ಐಸಿಡಿ (ಅಪಾಯದ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸಲು ದೇಹದೊಳಗಿಡುವ ಸಾಧನ) ಬೇಕೇ ಎಂದು ಕೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ರಕ್ತನಾಳ, ಯಾವ ಗೋಡೆ, ಇಎಫ್ ಎಷ್ಟು ಎಂಬ ಮೂರನ್ನೂ ಬರೆಸಿಕೊಂಡೇ ಹೊರಡಿ.